‘ಮಧ್ಯಾಹ್ನದ ಓಲೆ’ ಮತ್ತೆ ನಿಮ್ಮ ಕೈಗೆ

ಈ ಸಂಚಿಕೆಯಿಂದ ‘ಮಧ್ಯಾಹ್ನದ ಓಲೆ’ ಮತ್ತೆ ಶುರುವಾಗುತ್ತಿದೆ. 2022ರ ದಸರೆ ಹೊತ್ತಿಗೆ ನಿಂತುಹೋಗಿದ್ದ ಪುಟವಿದು. ಮತ್ತೆ ಬರೆಯಿರಿ ಅಂತ ಸಂಪಾದಕರು ಹೇಳಿ ಕಳಿಸಿದಾಗ ನಮ್ಮನೆಯವರು, “ಇಷ್ಟು ದಿನ ಆದ ಮೇಲೆ ನಿನ್ನನ್ನು ಯಾರು ನೆನಪಿಟ್ಟುಕೊಂಡಿರ್ತಾರೆ?” ಅಂದರು. ತಮಾಷೆಗೇ ಅಂದದ್ದು. ಆದರೂ ಮನಸ್ಸಿಗೆ ಚುರುಕ್ ಅಂತು. ಎರಡು ದಿನ ಬಿಟ್ಟು ಪತ್ರಿಕೆಯ ಕಛೇರಿಯಿಂದ ಒಂದು ದಪ್ಪ ಲಕೋಟೆ ಬಂತು. ಒಳಗೆ ನಿಮ್ಮ ಕಾಗದಗಳು! ಓಲೆ ಯಾಕೆ ಬರುತ್ತಿಲ್ಲ ಅಂತ ಕೇಳಿದವರು, ಅಕ್ಕನಿಗೆ ಏನಾದರೂ ಕಾಯಿಲೆಯೇ ಅಂತ ಗಾಬರಿಪಟ್ಟವರು, ಸುಮ್ಮನೆ ‘ನಾನೂ ಇದ್ದೇನೆ’ ಅಂತ ಒಂದು ಕಾರ್ಡು ಹಾಕಿದವರು. ಲಕೋಟೆಯನ್ನು ನಮ್ಮನೆಯವರ ಮುಂದೆಯೇ ಇಟ್ಟೆ. ಒಂದೆರಡು ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, “ಹಾಗಾದರೆ ಬರಿ” ಅಂದರು. ಅಲ್ಲಿಗೆ ಅಪ್ಪಣೆ ಆಯಿತು ಅನ್ನಿ!

ಈ ಮಧ್ಯೆ ಪತ್ರಿಕೆಗೆ ಹೊಸ ಓದುಗಿಯರು ಸೇರಿದ್ದಾರೆ. ನನ್ನ ಗುರುತೇ ಇಲ್ಲದವರು, ಈಕೆ ಯಾರು, ಯಾವ ದೊಡ್ಡಸ್ತಿಕೆಗೆ ಓಲೆ ಬರೆಯುತ್ತಾಳೆ ಅಂತ ಕೇಳುವುದು ನ್ಯಾಯವೇ. ಹೇಳುತ್ತೇನೆ ಕೇಳಿ. ದೊಡ್ಡಸ್ತಿಕೆ ಏನೂ ಇಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಗೃಹಿಣಿ. ಹತ್ತೊಂಬತ್ತಕ್ಕೆ ಮದುವೆಯಾಗಿ ತಿಪಟೂರಿಗೆ ಬಂದೆ. ನಮ್ಮನೆಯವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಓದಲು ಹಾಸನದಲ್ಲಿದ್ದಾಳೆ, ಮಗ ಮನೆಯಲ್ಲಿದ್ದುಕೊಂಡು ಐಟಿಐಗೆ ಹೋಗುತ್ತಾನೆ. ಬೆಳಿಗ್ಗೆ ಐದೂವರೆಗೆ ಎದ್ದರೆ ಮಧ್ಯಾಹ್ನ ಪಾತ್ರೆ ತೊಳೆದು ಕವುಚಿಹಾಕುವ ತನಕ ಕೂರಲು ಪುರಸೊತ್ತಿಲ್ಲ. ಮೂರು ಗಂಟೆಯಿಂದ ನಾಲ್ಕೂಕಾಲರವರೆಗೆ, ಹಾಲಿನವನು ಬರುವ ತನಕ, ಮನೆ ನನ್ನದು. ಆ ಹೊತ್ತಿನಲ್ಲಿ ಬರೆದದ್ದಕ್ಕೇ ಈ ಹೆಸರು ಬಂತು.

2015ರ ಯುಗಾದಿ ಸಂಚಿಕೆಯಲ್ಲಿ ಮೊದಲ ಓಲೆ ಬಂದದ್ದು. ಇದು ಲೇಖನ ಅಲ್ಲ, ಉಪದೇಶವಂತೂ ಅಲ್ಲವೇ ಅಲ್ಲ. ತವರಿನ ಅಕ್ಕ ಗಂಡನ ಮನೆಯಲ್ಲಿರುವ ತಂಗಿಗೆ ಬರೆಯುವಂಥ ಕಾಗದ ಅಷ್ಟೆ. ಹದಿನೈದು ದಿನಕ್ಕೊಮ್ಮೆ ಮನೆಯ ಸಮಾಚಾರ, ಓದಿದ ಪುಸ್ತಕ, ಕೈಗೆ ಹತ್ತಿದ ಒಂದು ಅಡಿಗೆ, ಕೈಗೆ ಹತ್ತದ ಒಂದು ಚಿಂತೆ. ನೀವು ಉತ್ತರ ಬರೆಯುತ್ತೀರಿ, ಅದರಲ್ಲೊಂದು ಮಾತು ಹಿಡಿದು ನಾನು ಮುಂದಿನ ಓಲೆ ಬರೆಯುತ್ತೇನೆ. ಹೀಗೆ ನಡೆದುಕೊಂಡು ಬಂದಿತ್ತು.

ನಿಂತದ್ದು ಯಾಕೆ?

2022ರ ಸೆಪ್ಟೆಂಬರಿನಲ್ಲಿ ನಮ್ಮ ಅತ್ತೆಯವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು. ಆವತ್ತಿನಿಂದ 2024ರ ಫೆಬ್ರವರಿಯಲ್ಲಿ ಅವರು ತೀರಿಕೊಳ್ಳುವವರೆಗೆ ಮೂರು ಗಂಟೆಯ ಹೊತ್ತು ಅವರದಾಯಿತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ಹಗಲು ನಾನು, ರಾತ್ರಿ ನಮ್ಮನೆಯವರು, ನಡುವೆ ಮಗ. ತೆಳ್ಳಗಿನ ನೀರು ಗಂಟಲಲ್ಲಿ ಅಡ್ಡ ಹೋಗಿ ಕೆಮ್ಮು ಬರುತ್ತದೆಂದು ಡಾಕ್ಟರು ಹೇಳಿದ್ದರಿಂದ ಗಂಜಿಯನ್ನು ಗಟ್ಟಿಯಾಗಿ ಮಾಡಿ, ಕೂರಿಸಿ, ಚಮಚದಲ್ಲಿ ತಿನ್ನಿಸಬೇಕಾಗಿತ್ತು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಇದನ್ನೆಲ್ಲ ಮಾಡಿದ ಹೆಣ್ಣುಮಕ್ಕಳಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮಾಡದವರಿಗೆ ಹೇಳಿದರೂ ತಿಳಿಯುವುದಿಲ್ಲ.

ಓಲೆ ನಿಂತರೂ ಬರವಣಿಗೆ ಮಾತ್ರ ನಿಲ್ಲಲಿಲ್ಲ ನೋಡಿ. ಮೊದಲ ವಾರವೇ ಒಂದು ಇನ್ನೂರು ಪುಟದ ನೋಟ್‌ಬುಕ್ಕು ತರಿಸಿ ಅತ್ತೆಯವರ ಮಂಚದ ತಲೆದೆಸೆಗೆ ದಾರ ಕಟ್ಟಿ ನೇತುಹಾಕಿದೆ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಮಗ್ಗುಲು ತಿರುಗಿಸಿದ್ದು ಯಾವಾಗ, ಎಷ್ಟು ತಿಂದರು, ಬಿ.ಪಿ. ಎಷ್ಟು, ನಿದ್ದೆ ಬಂತೋ ಇಲ್ಲವೋ. ಯಾರು ಮಾಡಿದರೆ ಅವರು ಬರೆಯಬೇಕು, ಇದು ಮನೆಗೆ ಕಾನೂನು. ಇದರಿಂದ ‘ಮಾತ್ರೆ ಕೊಟ್ಟೆಯಾ, ಇಲ್ಲವಾ’ ಅನ್ನುವ ಜಗಳವೇ ಮನೆಯಲ್ಲಿ ಇಲ್ಲದಂತಾಯಿತು. ಡಾಕ್ಟರು ಬಂದಾಗ ನಮ್ಮನ್ನು ಕೇಳುವ ಮೊದಲು ಆ ಪುಸ್ತಕವನ್ನೇ ತಿರುವಿ ನೋಡುತ್ತಿದ್ದರು. ಒಮ್ಮೆ ಹತ್ತು ದಿನದ ನಿದ್ದೆಯ ಲೆಕ್ಕ ನೋಡಿಯೇ ಒಂದು ಮಾತ್ರೆಯ ಹೊತ್ತು ಬದಲಾಯಿಸಿದರು. ಮನೆಯಲ್ಲಿ ಕಾಯಿಲೆಯವರಿದ್ದರೆ ನೀವೂ ಇಂಥದೊಂದು ಪುಸ್ತಕ ಇಡಿ. ಖರ್ಚಿಲ್ಲದ ಉಪಕಾರ.

ದಿನ ಕಳೆದಂತೆ ಆ ಪುಸ್ತಕದ ಎಡಪುಟದಲ್ಲಿ ಮಾತ್ರೆಯ ಲೆಕ್ಕ ಉಳಿಯಿತು, ಬಲಪುಟದಲ್ಲಿ ಅತ್ತೆಯವರ ಮಾತು ಸೇರಿಕೊಂಡಿತು. ತೊದಲಿದರೂ ಅವರು ಮಾತು ಬಿಟ್ಟವರಲ್ಲ. ತಮ್ಮ ತಾಯಿ ಹೇಳುತ್ತಿದ್ದ ಗಾದೆ, ಮದುವೆಯಲ್ಲಿ ಎತ್ತಿನ ಗಾಡಿಯ ಮೇಲೆ ಬಂದದ್ದು, ಮೊದಲ ಮಗು ಉಳಿಯದೆ ಹೋದದ್ದು. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದರೂ ಆ ಮಗುವಿನ ವಿಷಯ ನನಗೆ ಗೊತ್ತಿರಲಿಲ್ಲ. ಕೈ ಕೆಲಸ ಮಾಡುವಾಗ ಬಾಯಿ ಅಡಿಗೆಯ ಮಾತನ್ನೇ ಆಡುತ್ತದೆ. ಕೈ ನಿಂತಾಗ ಒಳಗಿನ ಮಾತು ಹೊರಬರುತ್ತದೆ ಅಂತ ಕಾಣುತ್ತದೆ.

ಯಾರ ಮಾತು ಯಾರದು?

ಇಲ್ಲೇ ಒಂದು ಕಷ್ಟ ಎದುರಾಯಿತು. ವರ್ಷಾಬ್ದಿಕ ಮುಗಿದ ಮೇಲೆ ಓಲೆ ಮತ್ತೆ ಬರೆಯುತ್ತೇನೆಂದು ಗೊತ್ತಾದಾಗ ಕಡೂರಿನಿಂದ ನಮ್ಮ ನಾದಿನಿ ಫೋನು ಮಾಡಿದಳು. “ಅತ್ತಿಗೆ, ಏನು ಬೇಕಾದರೂ ಬರೀರಿ. ಅಮ್ಮನ ವಿಷಯ ಮಾತ್ರ ಬರೀಬೇಡಿ. ಅಮ್ಮ ಮಲಗಿದಲ್ಲೇ ಆಗಿದ್ದನ್ನ ಊರವರೆಲ್ಲ ಓದೋದು ನನಗೆ ಬೇಡ” ಅಂದಳು. ನಾನು ಇನ್ನೂ ಒಂದಕ್ಷರ ಬರೆದಿರಲಿಲ್ಲ. ಅವಳ ಮಾತಿನಲ್ಲಿ ಕೋಪಕ್ಕಿಂತ ಸಂಕಟ ಹೆಚ್ಚಿತ್ತು.

ಒಂದು ರೀತಿಯಲ್ಲಿ ನೋಡಿದರೆ ಆ ಹದಿನೇಳು ತಿಂಗಳು ನನ್ನ ಬದುಕು ಕೂಡ. ಗಂಜಿ ಕಾಯಿಸಿದವಳು ನಾನು, ಬಟ್ಟೆ ಒಗೆದವಳು ನಾನು. ನನ್ನ ಬೆವರಿನ ಕಥೆ ಹೇಳಲು ನನಗೆ ಹಕ್ಕಿಲ್ಲವೇ? ಇನ್ನೊಂದು ರೀತಿಯಲ್ಲಿ, ಎದ್ದು ಬಾಗಿಲು ಹಾಕಿಕೊಳ್ಳಲಾರದ ಹೆಂಗಸಿನ ಮಾನ ಅದು. ಅವರು ಇದ್ದಾಗ ಪರದೆ ಎಳೆದು ಕಾಪಾಡಿದ್ದನ್ನು ಅವರು ಹೋದ ಮೇಲೆ ಪರದೆ ಸರಿಸಿ ತೋರಿಸುವುದು ಸರಿಯೇ? ಎರಡು ರಾತ್ರಿ ಇದೇ ಯೋಚನೆ. ಬರೆಯುವ ಹೆಂಗಸರೆಲ್ಲರಿಗೂ ಇದು ಬಂದೇ ಬರುವ ಪ್ರಶ್ನೆ. ಗಂಡಸರು ಬರೆದರೆ ಊರಿನ, ರಾಜ್ಯದ ಸುದ್ದಿ ಬರೆಯಬಹುದು. ನಾವು ಬರೆಯಲು ಕೂತರೆ ಸಿಗುವುದು ಮನೆ. ಮನೆ ಅಂದರೆ ಬರೇ ಗೋಡೆಯಲ್ಲವಲ್ಲ, ಅಲ್ಲಿ ಇನ್ನೂ ನಾಲ್ಕು ಜನರ ಬದುಕಿದೆ.

ಕಡೆಗೆ ನಾನೊಂದು ದಾರಿ ಹಿಡಿದೆ. ಬಸ್ಸು ಹತ್ತಿ ಕಡೂರಿಗೆ ಹೋದೆ. ಆ ನೋಟ್‌ಬುಕ್ಕನ್ನೂ ಕೊಂಡೊಯ್ದು ನಾದಿನಿಯ ಕೈಗೆ ಕೊಟ್ಟು, “ಮೊದಲು ನೀನು ಓದು. ಆಮೇಲೆ ಹೇಳು” ಅಂದೆ. ಮಧ್ಯಾಹ್ನವೆಲ್ಲ ಓದಿದಳು. ಎಡಪುಟ ಓದುವಾಗ ಅತ್ತಳು, ಬಲಪುಟ ಓದುವಾಗ ಎರಡು ಸಲ ನಕ್ಕಳು. ಸಂಜೆ ಕಾಫಿ ಕುಡಿಯುವಾಗ ಅಂದಳು: “ಎಡಪುಟದ್ದು ಅಮ್ಮಂದು. ಅದು ಬೇಡ. ಬಲಪುಟದ್ದರಲ್ಲಿ ನಾನು ಗುರುತು ಹಾಕಿದ್ದು ಬರೀರಿ.” ಆ ಉಳಿಯದ ಮಗುವಿನ ವಿಷಯಕ್ಕೂ ಅವಳು ಗುರುತು ಹಾಕಿದ್ದಳು. ಅವಳಿಗೂ ಅದು ಗೊತ್ತಿರಲಿಲ್ಲವಂತೆ. “ಆ ಅಣ್ಣನೋ ಅಕ್ಕನೋ ಇದ್ದದ್ದು ಎಲ್ಲಾದರೂ ಒಂದು ಕಡೆ ಅಚ್ಚಾಗಲಿ” ಅಂದಳು. ಈಗ ನೀವು ಓದುತ್ತಿರುವ ಓಲೆಯನ್ನೂ ಮೊದಲು ಓದಿದವಳು ಅವಳೇ. ಎರಡು ಸಾಲು ಹೊಡೆದುಹಾಕಿದ್ದಾಳೆ. ನಾನು ಅದನ್ನು ಮತ್ತೆ ಸೇರಿಸಲಿಲ್ಲ.

ಇನ್ನು ಮುಂದೆ ಈ ಓಲೆಗೆ ಇದೇ ನಿಯಮ. ನನ್ನ ಬಗ್ಗೆ ನಾನು ಏನು ಬೇಕಾದರೂ ಬರೆಯುತ್ತೇನೆ. ಬೇರೆಯವರ ಬಗ್ಗೆ ಬರೆದರೆ ಅವರಿಗೆ ಮೊದಲು ಓದಿಸುತ್ತೇನೆ. ನಿಮ್ಮ ಕಾಗದಗಳಿಗೂ ಹೀಗೇ. ‘ಅಚ್ಚು ಹಾಕಬೇಡಿ’ ಅಂತ ಮೇಲೆ ಬರೆದರೆ ಅದು ನನ್ನ ಟ್ರಂಕು ದಾಟಿ ಹೋಗುವುದಿಲ್ಲ.

ಹೆಸರು ಯಾಕಿಲ್ಲ ಅಂತ ಕೇಳುವವರಿಗೆ

ಹಲವರು ಕೇಳಿದ್ದೀರಿ, ಅಕ್ಕ ಹೆಸರು ಯಾಕೆ ಹಾಕುವುದಿಲ್ಲ ಅಂತ. ನಾಚಿಕೆ ಅಲ್ಲ. ನಮ್ಮಂಥ ಊರಿನಲ್ಲಿ ನನ್ನ ಹೆಸರು ಹಾಕಿದರೆ ಪಕ್ಕದ ಮನೆಯ ಹೆಸರನ್ನೂ ಹಾಕಿದಂತೆಯೇ. ಅವರು ಒಪ್ಪಿ ಹಾಕಿಸಿಕೊಂಡದ್ದಲ್ಲವಲ್ಲ.

ಹೆಸರಿನ ಮಾತು ಬಂದಾಗ ಕೊಡಗಿನ ಗೌರಮ್ಮನವರ ನೆನಪಾಗುತ್ತದೆ. 1912ರಲ್ಲಿ ಹುಟ್ಟಿ 1939ರಲ್ಲಿ, ಇನ್ನೂ ಇಪ್ಪತ್ತೇಳರ ಪ್ರಾಯದಲ್ಲೇ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅಷ್ಟರೊಳಗೆ ಬಾಲ್ಯವಿವಾಹ, ವಿಧವೆಯರ ಕಷ್ಟ, ಕೈಬಿಟ್ಟ ಹೆಣ್ಣಿನ ಪಾಡು ಇವನ್ನೆಲ್ಲ ಕಥೆಗಳಲ್ಲಿ ನೇರವಾಗಿ ಬರೆದಿದ್ದರು. ‘ಕಂಬನಿ’, ‘ಚಿಗುರು’ ಅವರ ಕಥೆಗಳ ಪುಸ್ತಕಗಳು. ಕಥೆಗಳಿಗೆ ಅವರು ಹಾಕುತ್ತಿದ್ದ ಹೆಸರೇನು ಗೊತ್ತೆ? ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಗಂಡನ ಹೆಸರಿನ ಹಿಂದೆ ನಿಂತು ಬರೆದರು. ಆದರೆ ಇವತ್ತು ಕನ್ನಡ ನಾಡು ನೆನಪಿಟ್ಟುಕೊಂಡಿರುವುದು ಗೌರಮ್ಮ ಅಂತಲೇ. ‘ಶರಪಂಜರ’ ಬರೆದ ತ್ರಿವೇಣಿಯವರ ನಿಜ ಹೆಸರು ಅನಸೂಯಾ. ಒಬ್ಬೊಬ್ಬರಿಗೆ ಒಂದೊಂದು ಮರೆ ಬೇಕಾಗಿತ್ತು. ಮರೆಯ ಹಿಂದಿನಿಂದ ಬಂದ ಮಾತು ಮಾತ್ರ ಗಟ್ಟಿಯಾಗಿತ್ತು.

ನಮಗಿಂತ ಮೊದಲು ಬರೆದವರು

‘ನಾವೇನು ಬರೆಯುವುದು ಅಕ್ಕ, ಓದಿಲ್ಲ, ಪುರಸೊತ್ತಿಲ್ಲ’ ಅನ್ನುವ ಮಾತು ಲಕೋಟೆಯಲ್ಲಿದ್ದ ಕಾಗದಗಳಲ್ಲಿ ಮತ್ತೆ ಮತ್ತೆ ಬಂದಿದೆ. ಅವರಿಗಾಗಿ ನಾಲ್ಕು ಜನರ ಸಂಗತಿ ಹೇಳುತ್ತೇನೆ. ಎಲ್ಲ ನಮ್ಮಂತೆ ಮನೆಯೊಳಗೆ ಇದ್ದವರೇ.

ಮೈಸೂರಿನ ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರವರೆಗೆ. ಅವರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸ ಮಾಡುತ್ತಿದ್ದವಳು ಎಳಂದೂರಿನ ಕಡೆಯ ಹೊನ್ನಮ್ಮ. ಅದಕ್ಕೇ ಸಂಚಿ ಹೊನ್ನಮ್ಮ ಅಂತ ಹೆಸರು. ಆಕೆ ಬರೆದ ‘ಹದಿಬದೆಯ ಧರ್ಮ’ ಇರುವುದು ಸಾಂಗತ್ಯದಲ್ಲಿ, ನಮ್ಮ ಹೆಂಗಸರು ಹಾಡಿಕೊಳ್ಳಲು ಬರುವ ಮಟ್ಟಿನಲ್ಲಿ. ಗಂಡನ ಸೇವೆಯ ವಿಷಯ ಅದರಲ್ಲಿ ತುಂಬಾ ಇದೆ, ಇಲ್ಲವೆನ್ನುವುದಿಲ್ಲ. ಆದರೆ ನಡುವೆಯೇ, ಹೆಣ್ಣು ಹುಟ್ಟಿತೆಂದು ಮುಖ ಸಿಂಡರಿಸುವವರನ್ನು ತರಾಟೆಗೆ ತೆಗೆದುಕೊಂಡಿದ್ದಾಳೆ. ಸಂಚಿ ಹಿಡಿದ ಕೈಯೇ ಅದನ್ನೂ ಬರೆಯಿತು.

ಬಂಗಾಳದ ರಾಸಸುಂದರೀ ದೇವಿಯವರಿಗೆ ಹನ್ನೆರಡಕ್ಕೆ ಮದುವೆ. ಹೆಂಗಸು ಓದಿದರೆ ಮನೆಗೆ ಕೇಡು ಅಂತ ನಂಬಿದ್ದ ಕಾಲ. ಸುಮಾರು ಇಪ್ಪತ್ತೈದನೇ ವಯಸ್ಸಿನಲ್ಲಿ, ಚೈತನ್ಯ ಭಾಗವತದ ಒಂದು ಹಾಳೆಯನ್ನೂ ಮಗ ಅಕ್ಷರ ತಿದ್ದಿದ್ದ ತಾಳೆಗರಿಯನ್ನೂ ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಎರಡನ್ನೂ ಹೋಲಿಸಿ ನೋಡಿ ನೋಡಿ ತಾವೇ ಓದು ಕಲಿತರು. ಗುರುವಿಲ್ಲ, ಹಲಗೆಯಿಲ್ಲ, ಹೊಗೆಯ ಮರೆಯಲ್ಲಿ ಅಕ್ಷರ! 1876ರಲ್ಲಿ ಅವರ ‘ಆಮಾರ್ ಜೀಬನ್’ ಅಚ್ಚಾಯಿತು. ಬಂಗಾಳಿಯಲ್ಲಿ ಹೆಂಗಸೊಬ್ಬಳು ಬರೆದ ಮೊದಲ ಆತ್ಮಕಥೆಯೆಂದು ಅದನ್ನು ಎಣಿಸುತ್ತಾರೆ.

ನಂಜನಗೂಡು ತಿರುಮಲಾಂಬನವರು ಹುಟ್ಟಿದ್ದು 1887ರಲ್ಲಿ. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಅಂಥ ಹುಡುಗಿಗೆ ಆ ಕಾಲ ಕೊಡುತ್ತಿದ್ದದ್ದು ಒಂದು ಕತ್ತಲೆ ಕೋಣೆ. ಆದರೆ ತಂದೆ ಪುಸ್ತಕ ಕೊಟ್ಟರು. 1913ರಲ್ಲಿ ‘ಸತೀಹಿತೈಷಿಣೀ’ ಅನ್ನುವ ಗ್ರಂಥಮಾಲೆ ಶುರುಮಾಡಿದರು. ಆಮೇಲೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಅನ್ನುವ ಪತ್ರಿಕೆಗಳನ್ನು ನಡೆಸಿದರು. ಬರೆಯುವುದೂ ಅವರೇ, ಪ್ರಕಟಿಸುವುದೂ ಅವರೇ. ಹೆಂಗಸರೇ ನಡೆಸಿ ಹೆಂಗಸರೇ ಓದುವ ಪುಟ ಕನ್ನಡದಲ್ಲಿ ಶುರುವಾದದ್ದು ಇಂಥವರ ಮನೆಯ ಜಗುಲಿಯಿಂದ. ಅವರ ಹಿಂದೆಯೇ ಬಂದ ಆರ್. ಕಲ್ಯಾಣಮ್ಮನವರು, ಅವರೂ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು, ‘ಸರಸ್ವತಿ’ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಚಂದಾ ಕೂಡಿಸುವ ಕಷ್ಟ, ಕಾಗದದ ಕಷ್ಟ ಎಲ್ಲ ಇದ್ದೇ ಇದ್ದಿರಬೇಕು. ನಾನು ಒಂದು ಪುಟಕ್ಕೆ ಪುರಸೊತ್ತಿಲ್ಲ ಅಂತ ಗೊಣಗುವಾಗ ಇವರನ್ನು ನೆನೆದು ಸುಮ್ಮನಾಗುತ್ತೇನೆ.

ನಾಲ್ಕನೆಯವರು ಎಂ.ಕೆ. ಇಂದಿರಾ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದವರು. ಶಾಲೆಗೆ ಹೋದದ್ದು ಚಿಕ್ಕ ವಯಸ್ಸಿನವರೆಗೆ ಮಾತ್ರ. ಮದುವೆ, ಮಕ್ಕಳು, ಮನೆ ಎಲ್ಲ ಆದ ಮೇಲೆ, ನಲವತ್ತು ದಾಟಿದ ನಂತರ ಕಾದಂಬರಿಗೆ ಕೈಹಾಕಿದರು. ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. 1976ರ ‘ಫಣಿಯಮ್ಮ’, ನಿಜವಾಗಿ ಬದುಕಿದ್ದ ಒಬ್ಬ ಹಿರಿಯ ವಿಧವೆಯ ಕಥೆ, ಮನೆಯವರ ಬಾಯಿಂದಲೇ ಕೇಳಿ ಬರೆದದ್ದು. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು, 1983ರಲ್ಲಿ. ಯೋಚಿಸಿ ನೋಡಿ, ಆ ಮನೆಯಲ್ಲಿ ಒಬ್ಬರು ಹೇಳಿ, ಇನ್ನೊಬ್ಬರು ಕೇಳಿ, ಮತ್ತೊಬ್ಬರು ಬರೆಯದೆ ಹೋಗಿದ್ದರೆ ಫಣಿಯಮ್ಮ ಅನ್ನುವ ಒಂದು ಜೀವ ಇದ್ದದ್ದೇ ನಮಗೆ ತಿಳಿಯುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಅಜ್ಜಿ, ಒಬ್ಬ ದೊಡ್ಡಮ್ಮ ಇದ್ದೇ ಇರುತ್ತಾರೆ.

ನೀವೂ ಬರೆಯಿರಿ, ಹೀಗೆ

ಕಥೆ, ಕವನ ಬರೆಯಬೇಕಾಗಿಲ್ಲ. ಹಾಲಿನ ಲೆಕ್ಕ, ಅಂಗಡಿ ಲೆಕ್ಕ ಎಲ್ಲರೂ ಬರೆಯುತ್ತೀರಲ್ಲ, ಅದೇ ಪುಸ್ತಕ ಸಾಕು. ನನ್ನ ಅನುಭವದಿಂದ ನಾಲ್ಕು ಮಾತು:

ಒಂದು, ಎಡಪುಟದಲ್ಲಿ ಲೆಕ್ಕ, ಬಲಪುಟದಲ್ಲಿ ಎರಡು ಸಾಲು ಮನಸ್ಸಿನದು. ಎರಡೇ ಸಾಲು. ಹತ್ತು ಸಾಲು ಬರೆಯಬೇಕೆಂದು ಹೊರಟರೆ ಮೂರನೇ ದಿನ ನಿಂತುಹೋಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ.

ಎರಡು, ತಾರೀಖು, ಇಸವಿ ತಪ್ಪದೆ ಹಾಕಿ. ‘ಮಂಗಳವಾರ’ ಅಂತ ಬರೆದಿಟ್ಟರೆ ಹತ್ತು ವರ್ಷದ ಮೇಲೆ ಯಾವ ಮಂಗಳವಾರ ಅಂತ ಯಾರಿಗೆ ಗೊತ್ತಾಗುತ್ತೆ?

ಮೂರು, ‘ಬೇಜಾರಾಯಿತು’ ಅಂತ ಬರೆದು ನಿಲ್ಲಿಸಬೇಡಿ. ಏನಾಯಿತು ಅನ್ನುವುದನ್ನು ಬರೆಯಿರಿ. ಯಾರು ಏನಂದರು, ಆಗ ಒಲೆಯ ಮೇಲೆ ಏನಿತ್ತು, ನೀವು ಏನನ್ನು ಅನ್ನದೆ ನುಂಗಿಕೊಂಡಿರಿ. ನುಂಗಿಕೊಂಡ ಮಾತಿಗೆ ಪುಸ್ತಕಕ್ಕಿಂತ ಒಳ್ಳೆಯ ಜಾಗವಿಲ್ಲ.

ನಾಲ್ಕು, ಮನೆಯ ಹಿರಿಯರ ಕೈ ಅಳತೆಯನ್ನು ಅವರಿರುವಾಗಲೇ ಬರೆದಿಡಿ. ಇದರ ಬೆಲೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಅತ್ತೆಯವರು ಸಾರಿನ ಪುಡಿಗೆ ಎಲ್ಲವನ್ನೂ ಹಿಡಿಯಲ್ಲೇ ಹೇಳುತ್ತಿದ್ದರು. ಅವರ ಹಿಡಿಯೇ ಬೇರೆ, ನನ್ನ ಹಿಡಿಯೇ ಬೇರೆ. ಅವರಿಗೆ ಕೈ ಸರಿಯಿದ್ದಾಗಲೇ ಒಂದು ದಿನ ಮಂಡಿಯಿಂದ ಸಣ್ಣ ತಕ್ಕಡಿ ತರಿಸಿ, ಅವರು ಹಿಡಿ ಹಿಡಿಯಾಗಿ ಹಾಕಿದಂತೆಲ್ಲ ತೂಗಿ ಬರೆದುಕೊಂಡೆ. “ನನ್ನ ಕೈಯನ್ನೇ ತೂಗ್ತಿದ್ದೀಯೇನೇ” ಅಂತ ನಕ್ಕರು. ನಾದಿನಿ ಗುರುತು ಹಾಕಿದ್ದರಲ್ಲಿ ಇದೂ ಒಂದು. ಆದ್ದರಿಂದ ಅವಳ ಒಪ್ಪಿಗೆಯ ಮೇಲೆ ನಿಮಗೂ ಕೊಡುತ್ತಿದ್ದೇನೆ.

ಅತ್ತೆಯವರ ಸಾರಿನ ಪುಡಿ: ಕೊತ್ತಂಬರಿ ಬೀಜ ಅರ್ಧ ಕೆಜಿ, ಬ್ಯಾಡಗಿ ಮೆಣಸಿನಕಾಯಿ ಕಾಲು ಕೆಜಿ, ಗುಂಟೂರು ಮೆಣಸಿನಕಾಯಿ 100 ಗ್ರಾಂ, ಜೀರಿಗೆ 100 ಗ್ರಾಂ, ಕಾಳುಮೆಣಸು 50 ಗ್ರಾಂ, ಮೆಂತ್ಯ 40 ಗ್ರಾಂ, ಸಾಸಿವೆ 25 ಗ್ರಾಂ, ಕರಿಬೇವು ಎರಡು ಹಿಡಿ, ಅರಿಶಿನ ಎರಡು ಚಮಚ, ಇಂಗು ಒಂದು ಚಮಚ. ಕರಿಬೇವನ್ನು ತೊಳೆದು ನೆರಳಿನಲ್ಲಿ ಆರಿಸಿಕೊಳ್ಳಿ. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಪುಡಿಯೆಲ್ಲ ಕಹಿ. ಮೆಣಸಿನಕಾಯಿಗೆ ಎರಡು ಹನಿ ಹರಳೆಣ್ಣೆ ಹಾಕಿ ಹುರಿದರೆ ಘಾಟು ಕಡಿಮೆ. ಪೂರ್ತಿ ಆರಿದ ಮೇಲೆ ಪುಡಿ ಮಾಡಿಸಿ, ಒಣಗಿದ ಡಬ್ಬಿಯಲ್ಲಿ ಒತ್ತಿ ತುಂಬಿ. ನೀರಿನ ಕೈ ತಾಗಿಸಬೇಡಿ.

ಹಳೇ ಕಾಗದಗಳ ಜೋಪಾನ

ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಅಜ್ಜಿಯರ ಕಾಲದ ಕಾರ್ಡುಗಳು, ಅಮ್ಮಂದಿರ ಕಾಲದ ಇನ್‌ಲ್ಯಾಂಡ್ ಕಾಗದಗಳು ಯಾವ ಮನೆಯ ಅಟ್ಟದಲ್ಲಾದರೂ ನಾಲ್ಕು ಸಿಕ್ಕೇ ಸಿಗುತ್ತವೆ. ಅಮ್ಮ ಸಣ್ಣ ಅಕ್ಷರದಲ್ಲಿ ಅಂಚಿನಲ್ಲೆಲ್ಲ ತುಂಬಿ ಬರೆದ ಇನ್‌ಲ್ಯಾಂಡು ನನ್ನ ಟ್ರಂಕಿನಲ್ಲಿ ಮೂವತ್ತೊಂದು ಇವೆ. ಈಗ ಮಗಳು ಬರೆಯುವುದೆಲ್ಲ ಮೊಬೈಲಿನಲ್ಲಿ. ಮೊಬೈಲು ಕೆಟ್ಟರೆ ಅದೂ ಹೋಯಿತು. ಅದಕ್ಕೇ ಅವಳ ಒಳ್ಳೆಯ ಮಾತೊಂದು ಬಂದರೆ ನಾನು ಪುಸ್ತಕಕ್ಕೆ ನಕಲು ಮಾಡಿಟ್ಟುಕೊಳ್ಳುತ್ತೇನೆ.

ಹಳೇ ಕಾಗದ ಇಡುವಾಗ ರಬ್ಬರ್ ಬ್ಯಾಂಡು ಹಾಕಬೇಡಿ, ಕಾಲಕ್ರಮದಲ್ಲಿ ಕರಗಿ ಅಂಟಿಕೊಳ್ಳುತ್ತದೆ. ಗುಂಡುಪಿನ್ನು ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಹರಿದ ಕಡೆ ಸೆಲ್ಲೋಟೇಪು ಅಂಟಿಸಿದರೆ ಹಳದಿಯಾಗಿ ಅಕ್ಷರ ಮಾಸುತ್ತದೆ. ಚೆನ್ನಾಗಿರಲೆಂದು ಲ್ಯಾಮಿನೇಷನ್ ಮಾಡಿಸುವುದೂ ಬೇಡ. ಮಡಿಕೆ ಬಿಚ್ಚಿ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಡೆ ಇಡಿ. ನೆರಳಿನಲ್ಲಿ ಚೆನ್ನಾಗಿ ಒಣಗಿದ ಬೇವಿನೆಲೆಯನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡಬಹುದು. ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ತೆಗೆದು ಗಾಳಿಗೆ ಹರಡಿ, ಬಿಸಿಲಿಗೆ ಬೇಡ. ಯಾರು ಯಾರಿಗೆ ಬರೆದದ್ದು, ಯಾವ ಇಸವಿ, ಇಷ್ಟನ್ನು ಪೆನ್ಸಿಲಿನಲ್ಲಿ ಹಿಂದೆ ಹಗುರವಾಗಿ ಬರೆದಿಡಿ. ಮಕ್ಕಳ ಕೈಲಿ ಹೇಳಿ ಒಂದೊಂದರ ಫೋಟೋ ತೆಗೆಸಿಕೊಂಡರೆ ಇನ್ನೂ ಒಳ್ಳೆಯದು.

ಮುಂದಿನ ಓಲೆಗೆ

ಅತ್ತೆಯವರ ಬಲಪುಟದಿಂದ ಒಂದು ಸಂಗತಿಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ, ಆ ಮೊದಲ ಮಗುವಿನದು. ಹೆಸರಿಡುವ ಮೊದಲೇ ಹೋದ ಕೂಸು. ನಮ್ಮ ಅಮ್ಮಂದಿರ, ಅಜ್ಜಿಯರ ಕಾಲದಲ್ಲಿ ಇಂಥ ಮಕ್ಕಳು ಎಷ್ಟು ಮನೆಯಲ್ಲಿ ಇದ್ದರೋ, ಎಷ್ಟು ತಾಯಂದಿರು ಹತ್ತನೇ ದಿನಕ್ಕೆ ಕಣ್ಣೊರೆಸಿಕೊಂಡು ರಾಗಿ ಬೀಸಲು ಎದ್ದರೋ. ನಿಮ್ಮ ಮನೆಯಲ್ಲಿ ಅಂಥ ಮಾತು ಇದ್ದರೆ ಹಿರಿಯರ ಹತ್ತಿರ ಕೂತು ಮೆಲ್ಲಗೆ ಕೇಳಿ. ಬಲವಂತ ಮಾಡಬೇಡಿ. ಅವರು ಒಪ್ಪಿದರೆ ಮಾತ್ರ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಲಕೋಟೆಯ ಮೇಲೆ ‘ಮಧ್ಯಾಹ್ನದ ಓಲೆ’ ಅಂತ ಹಾಕಿ. ಹೆಸರು ಬೇಡವೆಂದರೆ ಊರು ಸಾಕು. ಊರೂ ಬೇಡವೆಂದರೆ ‘ಒಬ್ಬ ಮಗಳು’ ಅಂತ ಬರೆದರೂ ಆದೀತು. ಕಾಗುಣಿತ ತಪ್ಪಾಗುತ್ತದೆಂದು ಹೆದರಬೇಡಿ, ಅಮ್ಮನ ಕಾಗದದಲ್ಲಿ ಯಾರಾದರೂ ಒತ್ತಕ್ಷರ ಎಣಿಸುತ್ತಾರೆಯೇ?

ಎಲ್ಲ ಕಾಗದಕ್ಕೂ ಪುಟದಲ್ಲಿ ಉತ್ತರ ಕೊಡಲು ಜಾಗ ಸಾಲದು. ಓದುವುದನ್ನಂತೂ ಒಂದೂ ಬಿಡುವುದಿಲ್ಲ. ಇಷ್ಟು ಹೇಳಿ ಈ ಸಲಕ್ಕೆ ಮುಗಿಸುತ್ತೇನೆ. ಹಾಲಿನವನ ಸೈಕಲ್ ಗಂಟೆ ಕೇಳಿಸುತ್ತಿದೆ. ಹದಿನೈದು ದಿನ ಬಿಟ್ಟು ಸಿಗೋಣ. ಮನೆಯಲ್ಲಿ ಹಿರಿಯರಿಗೆ ನಮಸ್ಕಾರ ಹೇಳಿ, ಮಕ್ಕಳಿಗೆ ಆಶೀರ್ವಾದ.

ನಿಮ್ಮ
ಅಕ್ಕ